ಅಕ್ಕಸಾಲಿಗಳ 10 ಪಟ್ಟಿನ ಲೂಪ್: ಬಿದ್ದ ಮರದ ಅಣಬೆ ನೋಡುವವರು ಮೊದಲು ಕೊಳ್ಳಬೇಕಾದ್ದು ಇದು

ಮಳೆಗಾಲ ಶುರುವಾದರೆ ಸಾಕು, ಅಣಬೆ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ ಒಳ್ಳೇದು ಅಂತ ಕೇಳುವವರು ಜಾಸ್ತಿಯಾಗುತ್ತಾರೆ. ಕ್ಯಾಮೆರಾ ಆಮೇಲೆ ನೋಡೋಣ. ಮೊದಲು ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುವ, 10 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಅಂದರೆ ಲೂಪ್ ಒಂದು ತೆಗೆದುಕೊಳ್ಳಿ. ನಾನು ತೆಗೆದುಕೊಂಡಿದ್ದು ಹಾಸನದಲ್ಲಿ, ಅಕ್ಕಸಾಲಿಗಳಿಗೆ ಬೇಕಾದ ಸಾಮಾನು ಮಾರುವ ಒಂದು ಚಿಕ್ಕ ಅಂಗಡಿಯಲ್ಲಿ. ಬೆಲೆ 500 ರೂಪಾಯಿ ಒಳಗೆ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮ ಕಾಫಿ ತೋಟ. ಮಳೆಗಾಲ ಪೂರ್ತಿ ಇದನ್ನು ಕೊರಳಿಗೆ ಹಾಕಿಕೊಂಡು ಓಡಾಡಿದ್ದೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಸಾಮಾನು ಹೇಗಿದೆ ಅಂತ ಹೇಳಿಬಿಡುತ್ತೇನೆ. ಮಡಚುವ ಭೂತಗನ್ನಡಿ, ಸ್ಟೀಲ್ ಕವಚ, ದಾರ ಕಟ್ಟೋಕೆ ಒಂದು ತೂತು. ಗಾಜು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಒಳಗೆ ಮೂರು ಗಾಜು ಕೂಡಿಸಿರುತ್ತಾರೆ, ಅದಕ್ಕೇ ಟ್ರಿಪ್ಲೆಟ್ ಅನ್ನುತ್ತಾರೆ. ಒಂದೇ ಗಾಜಿನದ್ದಾದರೆ ನೋಡುವ ವಸ್ತುವಿನ ಅಂಚಿಗೆ ಕೆಂಪು, ನೀಲಿ ಗೆರೆ ಬರುತ್ತದೆ ಮತ್ತು ಪಕ್ಕಕ್ಕೆ ಹೋದಷ್ಟೂ ಮಸುಕಾಗುತ್ತದೆ. ಟ್ರಿಪ್ಲೆಟ್‌ನಲ್ಲಿ ಆ ಕಾಟ ತುಂಬಾ ಕಡಿಮೆ. ಅಣಬೆಯ ಬಣ್ಣ ನೋಡಿ ತೀರ್ಮಾನ ಮಾಡುವವರಿಗೆ ಗಾಜೇ ಬಣ್ಣ ಸೇರಿಸಿದರೆ ಕೆಲಸ ಕೆಟ್ಟಿತು, ಅಲ್ವಾ?

ಈಗ ಇದು ಯಾಕೆ ಬೇಕು ಅನ್ನೋದು.

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆಯ ಯಾವ ತೋಟಕ್ಕೆ ಬೇಕಾದರೂ ಹೋಗಿ. ಹಿಂದಿನ ವರ್ಷ ಗಾಳಿಗೆ ಉರುಳಿದ ಸಿಲ್ವರ್ ಓಕ್, ಮರಗಸಿ ಮಾಡಿ (ನೆರಳಿನ ಮರದ ಕೊಂಬೆ ಸವರಿ) ಬಿಟ್ಟ ಹಾಲುವಾಣದ ಕೊಂಬೆ, ಎಲ್ಲದರ ಮೇಲೂ ಬೀಸಣಿಗೆ ಆಕಾರದ ತೆಳು ಅಣಬೆಗಳು ಸಾಲುಸಾಲಾಗಿ ಬಂದಿರುತ್ತವೆ. ಮೇಲ್ಭಾಗದಲ್ಲಿ ಕಂದು, ಬೂದು, ಬಿಳಿ ಪಟ್ಟೆ. ಫೋನಿನಲ್ಲಿ ಮೇಲಿಂದ ಒಂದು ಫೋಟೋ ತೆಗೆದು, ಹೆಸರು ಹೇಳುವ ಆ್ಯಪ್‌ಗೆ ಕೊಟ್ಟರೆ ಸಾಮಾನ್ಯವಾಗಿ ಬರುವ ಉತ್ತರ ಟರ್ಕಿ ಟೇಲ್, ಅಂದರೆ ಟ್ರಾಮೀಟಿಸ್ ವರ್ಸಿಕಲರ್. ಆ್ಯಪ್ ದಂಡ ಅಂತ ನಾನು ಹೇಳುತ್ತಿಲ್ಲ. ನಾನೂ ಬಳಸುತ್ತೇನೆ. ಆದರೆ ಈ ಜಾತಿಗಳನ್ನು ಬೇರೆ ಮಾಡುವ ಗುರುತು ಮೇಲ್ಭಾಗದಲ್ಲಿ ಇಲ್ಲವೇ ಇಲ್ಲ. ಅದು ಇರುವುದು ಅಡಿಯಲ್ಲಿ. ಫೋಟೋದಲ್ಲಿ ಇಲ್ಲದ್ದನ್ನು ಆ್ಯಪ್ ಎಲ್ಲಿಂದ ತರಬೇಕು?

ಹಾಗಾಗಿ ಅಣಬೆಯನ್ನು ತಿರುಗಿಸಿ ನೋಡಬೇಕು. ಟ್ರಾಮೀಟಿಸ್ ಆದರೆ ಅಡಿಭಾಗ ಬಿಳಿ, ಅದರ ತುಂಬ ಸಣ್ಣ ಸಣ್ಣ ತೂತು. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 3ರಿಂದ 5. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೂ ಕಾಣುತ್ತದೆ. ಅದೇ ಪಟ್ಟೆ, ಅದೇ ಆಕಾರದ ಸ್ಟೀರಿಯಂ ಅನ್ನುವ ಇನ್ನೊಂದಿದೆ. ಅದರ ಅಡಿಭಾಗ ನುಣುಪು, ಒಂದು ತೂತೂ ಇಲ್ಲ. ಲೆಂಜೈಟಿಸ್ ಅಂತ ಕರೆಯುತ್ತಿದ್ದ ಮತ್ತೊಂದರ ಅಡಿಯಲ್ಲಿ ತೂತಿನ ಬದಲು ಪದರಗಳಿರುತ್ತವೆ. ಟ್ರೈಕ್ಯಾಪ್ಟಮ್ ಗುಂಪಿನದ್ದಾದರೆ ಎಳೆಯದರಲ್ಲಿ ನೇರಳೆ ಛಾಯೆ ಇರುತ್ತದೆ, ಬಲಿತಂತೆ ತೂತುಗಳ ಗೋಡೆ ಹರಿದು ಹಲ್ಲು ಹಲ್ಲಾಗುತ್ತದೆ. ಮೇಲಿಂದ ನೋಡಿದರೆ ನಾಲ್ಕೂ ಒಂದೇ.

ಇಷ್ಟಕ್ಕೆ ಲೂಪ್ ಯಾಕೆ, ಬರಿಗಣ್ಣೇ ಸಾಕಲ್ಲ ಅನ್ನಬಹುದು. ಅಲ್ಲೇ ಮೈಕ್ರೊಪೋರಸ್ ಅನ್ನುವ ಅಣಬೆಯ ವಿಷಯ ಬರುತ್ತದೆ. ಪಶ್ಚಿಮ ಘಟ್ಟದಲ್ಲಿ ಇದು ಎಲ್ಲೆಲ್ಲೂ ಇದೆ. ನೆಲಕ್ಕೆ ಬಿದ್ದ ಬೆರಳು ದಪ್ಪದ ಕಡ್ಡಿಯ ಮೇಲೂ ಬರುತ್ತದೆ, ದಿಮ್ಮಿಯ ಮೇಲೂ ಬರುತ್ತದೆ. ತೆಳ್ಳಗೆ, ಮೇಲೆ ಹೊಳೆಯುವ ಕಂದು ಪಟ್ಟೆ. ಮೈಕ್ರೊಪೋರಸ್ ಕ್ಸಾಂಥೋಪಸ್ ಅನ್ನುವ ಜಾತಿಗೆ ಹಳದಿ ಕಾಲು, ಆ ಕಾಲು ಮರಕ್ಕೆ ಅಂಟುವ ಜಾಗದಲ್ಲಿ ಪುಟ್ಟ ಬಿಲ್ಲೆ. ಬಲಿತರೆ ಟೋಪಿ ನಡುವೆ ತಗ್ಗಿ ಆಲಿಕೆಯ ಆಕಾರಕ್ಕೆ ಬರುತ್ತದೆ. ಕಾಲು ಕಂಡರೆ ಗುರುತು ಸುಲಭ. ಆದರೆ ಇದೇ ಗುಂಪಿನಲ್ಲಿ ಕಾಲು ಗಿಡ್ಡ ಇರುವವೂ ಇವೆ, ಎಳೆಯದರಲ್ಲಿ ಕಾಲು ಸರಿಯಾಗಿ ಕಾಣುವುದೂ ಇಲ್ಲ. ತಿರುಗಿಸಿ ನೋಡಿದರೆ ಬೆಳ್ಳಗೆ ನುಣ್ಣಗೆ ಇದೆ. ಬೆರಳಾಡಿಸಿದರೂ ನುಣುಪು. ಆಗ ಯಾರಾದರೂ ಸ್ಟೀರಿಯಂ ಅಂತಲೇ ಬರೆದುಕೊಳ್ಳುತ್ತಾರೆ. ಲೂಪ್ ಹಿಡಿದು ನೋಡಿ. ಆ ನುಣುಪೆಲ್ಲ ತೂತು! ಟ್ರಾಮೀಟಿಸ್‌ನಲ್ಲಿ ಇರುವುದರ ಸುಮಾರು ಎರಡು ಪಟ್ಟು ಒತ್ತಾಗಿ, ಒಂದರ ಪಕ್ಕ ಒಂದು, ಅಂಚಿನವರೆಗೂ ತುಂಬಿಕೊಂಡಿರುತ್ತವೆ. ಬರಿಗಣ್ಣು ಇಲ್ಲ ಅಂದಿದ್ದನ್ನು ಗಾಜು ಇದೆ ಅನ್ನುತ್ತದೆ. ಈ ಒಂದು ವಿಷಯಕ್ಕೇ ನಾನು 500 ರೂಪಾಯಿ ಕೊಡಲು ಸಿದ್ಧ.

ತೂತು ಲೆಕ್ಕ ಹಾಕೋಕೆ ಸಣ್ಣ ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ, ಅರ್ಧ ಮಿಲಿಮೀಟರ್ ಗೆರೆ ಇರುವಂಥದ್ದು. ಅಣಬೆಯ ಅಡಿಗೆ ಸ್ಕೇಲ್ ಒತ್ತಿ ಹಿಡಿದು ಎರಡು ಗೆರೆಗಳ ಮಧ್ಯೆ ಎಷ್ಟು ಬಂತು ಅಂತ ನೋಡುವುದು. ಒಂದೇ ಜಾಗದಲ್ಲಿ ಎಣಿಸಬೇಡಿ, ಮೂರು ನಾಲ್ಕು ಕಡೆ ನೋಡಿ. ಅಣಬೆಯ ಪುಸ್ತಕಗಳಲ್ಲಿ ಮಿಲಿಮೀಟರಿಗೆ ಇಷ್ಟು ತೂತು ಅಂತ ಬರೆದಿರುತ್ತಾರಲ್ಲ, ಅದು ಆಗ ಕೆಲಸಕ್ಕೆ ಬರುತ್ತದೆ. ಹೆಕ್ಸಗೋನಿಯಾ ಅನ್ನುವುದಕ್ಕೆ ಮಾತ್ರ ಎಣಿಸುವ ಗೋಜೇ ಇಲ್ಲ. ಅದರ ಅಡಿಭಾಗ ಜೇನುಹಲ್ಲೆಯ ಹಾಗೆ ದೊಡ್ಡ ದೊಡ್ಡ ಆರು ಮೂಲೆಯ ಕೋಣೆ, ದೂರದಿಂದಲೇ ತಿಳಿಯುತ್ತದೆ. ಆ ಕೋಣೆಗಳೊಳಗೆ ಲೂಪ್ ಹಾಕಿದರೆ ಕೆಲವೊಮ್ಮೆ ಸಾಸಿವೆಗಿಂತ ಚಿಕ್ಕ ದುಂಬಿಗಳು ಓಡಾಡುತ್ತಿರುತ್ತವೆ. ಮರದ ಅಣಬೆಯನ್ನೇ ತಿಂದು ಅದರೊಳಗೇ ಬದುಕುವ ದುಂಬಿ ಕುಟುಂಬವೇ ಇದೆ. ಹುಡುಕಿಕೊಂಡು ಹೋಗಿದ್ದು ಅಣಬೆ, ಸಿಕ್ಕಿದ್ದು ಒಂದು ಊರು ತುಂಬ ಜೀವ.

ಲೂಪ್‌ನಲ್ಲಿ ನೋಡೋಕೆ ನನಗೆ ಎಲ್ಲಕ್ಕಿಂತ ಇಷ್ಟ ಶೈಜೋಫಿಲಂ ಕಮ್ಯೂನ್. ಸೌದೆ ರಾಶಿಯ ಮೇಲೆ, ಬೇಲಿ ಗೂಟದ ಮೇಲೆ, ಬಿದ್ದ ಮಾವಿನ ಕೊಂಬೆಯ ಮೇಲೆ ಬರುವ ಬೆರಳುಗುರಿನಷ್ಟು ಬೂದು ಬಿಳಿ ಅಣಬೆ. ಎಲ್ಲರೂ ನೋಡಿರುತ್ತೀರಿ, ನಿಂತು ನೋಡಿರುವುದಿಲ್ಲ. ಅಂಟಾರ್ಕ್ಟಿಕಾ ಒಂದು ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. 1815ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ಇದಕ್ಕೆ ಈಗಿನ ಹೆಸರು ಕೊಟ್ಟರು. ಮೇಲ್ಭಾಗ ಪೂರ್ತಿ ಒತ್ತು ರೋಮ. ತಿರುಗಿಸಿದರೆ ಒಂದು ಕಡೆಯಿಂದ ಹರಡಿದ ಪದರಗಳು, ತಿಳಿ ಗುಲಾಬಿ ಬೂದು ಬಣ್ಣ. ಬರಿಗಣ್ಣಿಗೆ ಅವು ಮಾಮೂಲಿ ಪದರ. ಲೂಪ್‌ನಲ್ಲಿ ನೋಡಿದರೆ ಪ್ರತಿ ಪದರದ ಅಂಚೂ ಉದ್ದಕ್ಕೆ ಎರಡಾಗಿ ಸೀಳಿದೆ, ಸೀಳಿದ ಎರಡು ಹೋಳೂ ಹೊರಕ್ಕೆ ಸುರುಳಿಯಾಗಿದೆ. ಬಿಸಿಲು ಬಂದು ಒಣಗಿದರೆ ಆ ಸುರುಳಿ ಬಿಗಿಯಾಗಿ, ಬೀಜಕಣ ಹುಟ್ಟುವ ಮೈಯನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಮಳೆ ಬಂದರೆ ಬಿಚ್ಚಿಕೊಳ್ಳುತ್ತದೆ. ಒಣಗಿದ್ದೊಂದನ್ನು ಮನೆಗೆ ತಂದು, ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ ಆಗಾಗ ತೆಗೆದು ಲೂಪ್‌ನಲ್ಲಿ ನೋಡಿ. ಮಕ್ಕಳಿದ್ದರಂತೂ ಇದನ್ನು ತೋರಿಸಲೇಬೇಕು. ಮಣಿಪುರದಲ್ಲಿ ಇದನ್ನು ಕಾಂಗ್ಲಯೆನ್ ಅಂತ ಕರೆದು ಅಡುಗೆಗೆ ಬಳಸುತ್ತಾರೆ. ನಮ್ಮ ಕಡೆ ಹುತ್ತದ ಅಣಬೆಗೆ ಇರುವ ಮರ್ಯಾದೆ ಇದಕ್ಕಿಲ್ಲ.

ಕಿವಿ ಅಣಬೆ, ಅಂದರೆ ಆರಿಕ್ಯುಲೇರಿಯಾಗೆ ಲೂಪ್ ಅಷ್ಟಾಗಿ ಬೇಡ. ಬಗ್ಗಿಸಿದರೆ ರಬ್ಬರಿನಂತೆ ಬಗ್ಗುತ್ತದೆ, ಅದನ್ನೇ ಹೋಲುವ ಬಟ್ಟಲು ಅಣಬೆ ಆದರೆ ಪಟ್ ಅಂತ ಮುರಿಯುತ್ತದೆ. ಒಂದು ಮುಖದಲ್ಲಿ ನವಿರು ರೋಮ ಇದೆಯಾ, ಇನ್ನೊಂದು ಮುಖ ನುಣುಪಾ ಇಲ್ಲ ಬಲೆಬಲೆಯಾಗಿದೆಯಾ ಅಂತ ನೋಡೋಕೆ ಮಾತ್ರ ಗಾಜು ಸಹಾಯ ಮಾಡುತ್ತದೆ. ಕಪ್ಪು ಉಂಡೆಯ ಡಾಲ್ಡೀನಿಯಾಗೆ ಚಾಕು ಬೇಕು. ಅಡ್ಡ ಕೊಯ್ದರೆ ಒಳಗೆ ಒಂದರ ಸುತ್ತ ಒಂದು ಬಳೆ. ಆದರೂ ಅದರ ಸಿಪ್ಪೆಯ ಮೇಲೆ ಲೂಪ್ ಹಾಕಿ ನೋಡಿ, ಚುಕ್ಕಿ ಚುಕ್ಕಿಯಾಗಿ ಬಾಯಿಗಳು ಕಾಣುತ್ತವೆ, ಬೀಜಕಣ ಹೊರಗೆ ಚಿಮ್ಮುವುದು ಅಲ್ಲಿಂದ. ಬೆರಳಿನಂತೆ ಕಪ್ಪಗೆ ಎದ್ದು ನಿಲ್ಲುವ ಕ್ಸೈಲೇರಿಯಾ ಬಲಿತಾಗಲೂ ಇದೇ ಚುಕ್ಕಿ. ಎರಡಕ್ಕೂ ಆಕಾರದಲ್ಲಿ ಹೋಲಿಕೆಯೇ ಇಲ್ಲ, ಆದರೂ ಸಂಬಂಧಿಗಳು.

ಬಳಸುವ ರೀತಿ ಸರಿಯಿರಬೇಕು, ಇಲ್ಲದಿದ್ದರೆ ಸುಮ್ನೆ ಲೂಪ್ ಮೇಲೆ ಸಿಟ್ಟು ಬರುತ್ತದೆ. ಪೇಪರ್ ಓದುವ ಭೂತಗನ್ನಡಿ ಥರ ತೋಳುದ್ದ ಹಿಡಿಯುವಂಥದ್ದಲ್ಲ ಇದು. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟು, ಹಿಡಿದ ಕೈಯನ್ನು ಕೆನ್ನೆಗೆ ಒತ್ತಿ, ಅಣಬೆಯನ್ನು ಗಾಜಿನ ಹತ್ತಿರ ತರಬೇಕು. ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ಎಲ್ಲ ಸ್ಪಷ್ಟವಾಗುತ್ತದೆ. ಇನ್ನೊಂದು ಕಣ್ಣು ಮುಚ್ಚಬೇಡಿ, ಬೇಗ ಆಯಾಸವಾಗುತ್ತದೆ. ಕನ್ನಡಕ ಹಾಕುವವರು ತೆಗೆದು ನೋಡಿದರೆ ಅನುಕೂಲ. ದಿಮ್ಮಿಯಿಂದ ಕೀಳದೇ ನೋಡಬೇಕು ಅಂದರೆ ನೀವೇ ನೆಲಕ್ಕೆ ಮೊಣಕಾಲೂರಿ ಬಗ್ಗಬೇಕು, ಆಗ ಇಂಬಳ ಹತ್ತುವುದು ಖಂಡಿತ. ನಾನು ಒಂದು ಗೊಂಚಲಿನಿಂದ ಒಂದೇ ಒಂದನ್ನು ಕಿತ್ತು ನೋಡುತ್ತೇನೆ, ಉಳಿದದ್ದನ್ನು ಬಿಡುತ್ತೇನೆ. ಅದೂ ನಮ್ಮ ತೋಟದಲ್ಲಿ ಮಾತ್ರ. ಬಿಸಿಲೆ, ಮುತ್ತೋಡಿ, ಕುದುರೆಮುಖದಂಥ ಅರಣ್ಯದಲ್ಲಿ ಏನನ್ನೂ ಕೀಳುವ ಹಾಗಿಲ್ಲ. ಅಲ್ಲಿ ಫೋನ್ ಕ್ಯಾಮೆರಾವನ್ನು ದಿಮ್ಮಿಯ ಕೆಳಗೆ ತೂರಿಸಿ ಅಡಿಭಾಗದ ಫೋಟೋ ತೆಗೆಯಿರಿ. ಫೋನಿನ ಲೆನ್ಸ್ ಮುಂದೆ ಲೂಪ್ ಒತ್ತಿ ಹಿಡಿದರೆ ತೂತುಗಳ ಫೋಟೋ ಕೂಡ ಬರುತ್ತದೆ. ಅಲುಗಾಡದೆ ಹಿಡಿಯೋದು ಕಷ್ಟ, ಆದರೆ ಬರುತ್ತದೆ. ಈ ಅಡಿಭಾಗದ ಫೋಟೋವನ್ನೂ ಸೇರಿಸಿ ಕೊಟ್ಟರೆ ಆ್ಯಪ್ ಉತ್ತರವೂ ಸುಧಾರಿಸುತ್ತದೆ, ತಿಳಿದವರನ್ನು ಕೇಳಿದಾಗ ಅವರಿಗೂ ಹೇಳೋಕೆ ಏನಾದರೂ ಸಿಗುತ್ತದೆ.

ಕೊರತೆ ಏನು? ಮೊದಲನೆಯದು ಬೆಳಕು. ಮೋಡ ಕವಿದ ಮಧ್ಯಾಹ್ನ ಕಾಫಿ ಗಿಡಗಳ ನಡುವೆ ಕತ್ತಲೆ. ಇಷ್ಟು ಹತ್ತಿರ ಹಿಡಿದಾಗ ನಿಮ್ಮ ತಲೆಯ ನೆರಳೇ ಅಣಬೆಯ ಮೇಲೆ ಬೀಳುತ್ತದೆ. ಪಕ್ಕದಿಂದ ಟಾರ್ಚ್ ಬೇಕೇ ಬೇಕು. ಎಲ್ಇಡಿ ಇರುವ ಲೂಪ್ ಸಿಗುತ್ತದೆ, ಆದರೆ ನಮ್ಮ ಮಳೆಗೆ ಅದರ ಬಟನ್ ಸೆಲ್ ಜಾಗ ತುಕ್ಕು ಹಿಡಿಯುತ್ತದೆ. ಬೆಳಕು ಬೇರೆ, ಗಾಜು ಬೇರೆ ಇಟ್ಟುಕೊಳ್ಳುವುದೇ ವಾಸಿ. ಎರಡನೆಯದು, ಆನ್‌ಲೈನಿನಲ್ಲಿ 30 ಪಟ್ಟು, 60 ಪಟ್ಟು ಅಂತ ಬರೆದು ಇದಕ್ಕಿಂತ ಕಡಿಮೆ ಬೆಲೆಗೆ ಮಾರುವವರಿದ್ದಾರೆ. ಪರಿಚಯದವರೊಬ್ಬರು ತರಿಸಿದ 60 ಪಟ್ಟಿನದ್ದನ್ನು ನನ್ನದರ ಪಕ್ಕ ಇಟ್ಟು ಒಂದೇ ಸ್ಕೇಲ್ ನೋಡಿದೆವು. ನನ್ನದರಲ್ಲಿ ಕಂಡಷ್ಟೇ ದೊಡ್ಡದು, ಅಂಚು ಮಸುಕು. ನಿಜವಾಗಿಯೂ 30 ಪಟ್ಟು ಆಗಿದ್ದರೂ ಕಾಡಿನಲ್ಲಿ ಉಪಯೋಗ ಕಡಿಮೆ. ಪಟ್ಟು ಜಾಸ್ತಿಯಾದಷ್ಟೂ ಗಾಜಿಗೂ ಅಣಬೆಗೂ ನಡುವಿನ ಜಾಗ ಕಡಿಮೆ, ಕಾಣುವ ವಿಸ್ತಾರ ಕಡಿಮೆ, ಕೈ ನಡುಕ ಜಾಸ್ತಿ. 10 ಪಟ್ಟು ಸರಿಯಾದ ಅಳತೆ.

ಇದಕ್ಕಿಂತ ದೊಡ್ಡ ಮಿತಿಯೊಂದಿದೆ, ಅದನ್ನು ದಯವಿಟ್ಟು ನಿಧಾನವಾಗಿ ಓದಿ. ಲೂಪ್ ನೋಡಿ ಅಣಬೆ ತಿನ್ನುವ ತೀರ್ಮಾನ ಮಾಡಬೇಡಿ. ದಿಮ್ಮಿಯ ಮೇಲೆ ಬರುವ ಬಿಳಿ ಸಿಂಪಿ ಅಣಬೆ ತಿನ್ನಲು ಒಳ್ಳೆಯದು, ಬೇಸಾಯ ಮಾಡುವುದೂ ಅದನ್ನೇ. ಆದರೆ ಎಳೆಯ ಕ್ರೆಪಿಡೋಟಸ್ ಕೂಡ ಬಿಳಿ, ಅದಕ್ಕೂ ಬೀಸಣಿಗೆ ಆಕಾರ, ಅದಕ್ಕೂ ಅಡಿಯಲ್ಲಿ ಪದರ. ಎರಡನ್ನೂ ಬೇರೆ ಮಾಡುವುದು ಬೀಜಕಣದ ಬಣ್ಣ: ಸಿಂಪಿಯದ್ದು ಬಿಳಿ ಇಲ್ಲವೇ ತಿಳಿ ನೇರಳೆ, ಕ್ರೆಪಿಡೋಟಸ್‌ದು ಕಂದು. ಒಂದು ಬೀಜಕಣ ಹೆಚ್ಚುಕಡಿಮೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, 10 ಪಟ್ಟಿಗೆ ಅದು ಕಾಣುವುದಿಲ್ಲ. ಟೋಪಿಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು, ಲೋಟ ಬೋರಲು ಹಾಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಉದುರಿದ ಪುಡಿಯ ಬಣ್ಣ ನೋಡಬೇಕು. ಯುರೋಪ್, ಅಮೆರಿಕದ ಕಾಡುಗಳಲ್ಲಿ ಇನ್ನೂ ಭಯದ ಸಂಗತಿ ಇದೆ. ಅಲ್ಲಿ ಜನ ತಿನ್ನುವ ಅಣಬೆಗಳು ಬರುವ ದಿಮ್ಮಿಯಲ್ಲೇ ಗ್ಯಾಲರೀನಾ ಮಾರ್ಜಿನೇಟಾ ಅನ್ನುವ ಕಂದು ಅಣಬೆಯೂ ಬರಬಹುದು. ಅದರಲ್ಲಿರುವ ಅಮಾಟಾಕ್ಸಿನ್ ಬೇಯಿಸಿದರೂ ಹೋಗುವುದಿಲ್ಲ. ತಿಂದು ಸಾಮಾನ್ಯವಾಗಿ 6ರಿಂದ 24 ಗಂಟೆ ಏನೂ ಆಗದ ಹಾಗಿರುತ್ತದೆ, ಆಮೇಲೆ ವಾಂತಿ ಭೇದಿ, ನಡುವೆ ಸುಧಾರಿಸಿದಂತೆ ಕಂಡು, ಕೊನೆಗೆ ಪಿತ್ತಜನಕಾಂಗಕ್ಕೆ ಪೆಟ್ಟು. ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಇವೆಲ್ಲ ಸುಳ್ಳು. ಯಾವುದನ್ನೂ ನಂಬಬೇಡಿ.

ಕಷಾಯ ಮಾಡುವವರಿಗೂ ಇದೇ ಮಾತು. ಟ್ರಾಮೀಟಿಸ್ ವರ್ಸಿಕಲರ್‌ನಿಂದ ತೆಗೆದ ಪಿಎಸ್‌ಕೆ ಅನ್ನುವ ಪದಾರ್ಥಕ್ಕೆ ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡಲು 1977ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದನ್ನು ಎಲ್ಲೋ ಕೇಳಿ ತೋಟದ ದಿಮ್ಮಿಯಿಂದ ಪಟ್ಟೆ ಅಣಬೆ ಕಿತ್ತು ಕುದಿಸುವವರಿದ್ದಾರೆ. ಕಿತ್ತಿದ್ದು ಅದೇ ಜಾತಿ ಅಂತ ಯಾರು ಹೇಳಿದರು? ಹೊಳೆಯುವ ಕೆಂಪು ಗ್ಯಾನೋಡರ್ಮಾದ ಕಥೆಯೂ ಹಾಗೇ. ಗ್ಯಾನೋಡರ್ಮಾ ಲೂಸಿಡಮ್ ಅಂತ ಏಷ್ಯಾದಲ್ಲಿ ಕರೆಯುತ್ತಿದ್ದ ಎಷ್ಟೋ ಅಣಬೆಗಳು ಬೇರೆ ಜಾತಿಗಳು ಅಂತ ಆಮೇಲೆ ತಿಳಿಯಿತು, ಚೀನಾದ್ದಕ್ಕೆ 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಅಂತ ಬೇರೆ ಹೆಸರೇ ಬಂತು. ಅವನ್ನು ಬೇರೆ ಮಾಡೋಕೆ ಸೂಕ್ಷ್ಮದರ್ಶಕ ಬೇಕು, ಡಿಎನ್‌ಎ ಪರೀಕ್ಷೆ ಬೇಕು. ಲೂಪ್‌ನಿಂದ ಗುಂಪಿನವರೆಗೆ ಹೋಗಬಹುದು. ಎಷ್ಟೋ ಸಲ ಅಲ್ಲೇ ನಿಲ್ಲಬೇಕು, ನಿಲ್ಲುವುದೇ ಪ್ರಾಮಾಣಿಕತೆ.

ಆದರೆ ಗುಂಪಿನವರೆಗೆ ಹೋದರೂ ತೋಟದವರಿಗೆ ಉಪಯೋಗ ಇದೆ. ಈ ಮಳೆಗಾಲದಲ್ಲಿ ನಮ್ಮ ಮೇಸ್ತ್ರಿ ಉರುಳಿದ ಸಿಲ್ವರ್ ಓಕ್ ತೋರಿಸಿ, "ಅಕ್ಕಾ, ದಿಮ್ಮಿ ತುಂಬ ಅಣಬೆ ಬಂದದೆ, ಕಾಫಿ ಗಿಡಕ್ಕೂ ಹತ್ತುತ್ತಾ? ಬೆಂಕಿ ಹಾಕಿಬಿಡೋದಾ?" ಅಂದರು. ಕುಳಿತು ಒಂದೊಂದಾಗಿ ತಿರುಗಿಸಿ ನೋಡಿದೆವು. ಶೈಜೋಫಿಲಂ, ಟ್ರಾಮೀಟಿಸ್ ಗುಂಪಿನವು, ಬಿಸಿಲು ಬೀಳುವ ಕಡೆ ಕಿತ್ತಳೆ ಕೆಂಪಿನ ಪಿಕ್ನೋಪೋರಸ್. ಇವು ಮುಖ್ಯವಾಗಿ ಸತ್ತ ಮರ ತಿನ್ನುವವು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಕರಗಿಸಿ ದಿಮ್ಮಿಯನ್ನು ಬೆಳ್ಳಗೆ ನಾರುನಾರು ಮಾಡಿ ಮಣ್ಣಿಗೆ ಸೇರಿಸುತ್ತವೆ, ಅದು ತೋಟಕ್ಕೆ ಒಳ್ಳೆಯದೇ. ಬೆಂಕಿ ಬೇಡ ಅಂತ ಬಿಟ್ಟೆವು. ಕಾಫಿಯ ಬೇರು ರೋಗ ತರುವ ಶಿಲೀಂಧ್ರಗಳ ವಿಷಯ ಬೇರೆ. ಅವು ಮಣ್ಣಿನೊಳಗೆ ಉಳಿದ ಹಳೇ ಬೊಡ್ಡೆ, ಬೇರುಗಳಿಂದ ಪಕ್ಕದ ಗಿಡಕ್ಕೆ ದಾಟುತ್ತವೆ. ಗಿಡ ಹಳದಿ ತಿರುಗಿ ಒಣಗುತ್ತಿದ್ದರೆ ಲೂಪ್ ಹಿಡಿದು ಕೂರಬೇಡಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ. 1925ರಿಂದ ಅಲ್ಲಿ ಇದೇ ಕೆಲಸ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯವರು ಇನ್ನೊಂದು ಗಮನಿಸಿ: ಬದುಕಿರುವ ತೆಂಗಿನ ಮರದ ಬುಡದಲ್ಲಿ ಗ್ಯಾನೋಡರ್ಮಾ ಕಂಡರೆ ಅದು ಅಣಬೆ ರೋಗ. ಬಿದ್ದ ದಿಮ್ಮಿಯ ಅಣಬೆ ಥರ ಸುಮ್ಮನೆ ಬಿಡುವಂಥದ್ದಲ್ಲ.

ಇಡುವ ಬಗ್ಗೆ ಒಂದು ಮಾತು. ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಮೇಲೂ ಬೂಷ್ಟು ಹಿಡಿಯುತ್ತದೆ, ಕ್ಯಾಮೆರಾ ಇರುವವರಿಗೆ ಗೊತ್ತು. ಟ್ರಿಪ್ಲೆಟ್‌ನ ಗಾಜುಗಳನ್ನು ಬಿಚ್ಚಿ ಒರೆಸೋಕೆ ಆಗುವುದಿಲ್ಲ. ತೋಟದಿಂದ ಬಂದ ಕೂಡಲೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಣ್ಣು ಮೆತ್ತಿದ್ದರೆ ಮೊದಲು ಊದಿ, ಆಮೇಲೆ ಒರೆಸಿ, ಇಲ್ಲದಿದ್ದರೆ ಗೀರು ಬೀಳುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ತೆಗೆದುಕೊಳ್ಳಬೇಡಿ. ಜೇಬಿನಿಂದ ಹೊಸ 10 ರೂಪಾಯಿ ನೋಟು ತೆಗೆಯಿರಿ. ಅದರಲ್ಲಿ ಆರ್‌ಬಿಐ, ಇಂಡಿಯಾ, 10 ಅಂತ ಬರಿಗಣ್ಣಿಗೆ ಗೆರೆಯಂತೆ ಕಾಣುವ ಪುಟ್ಟ ಅಕ್ಷರಗಳಿವೆ. ಅಂಗಡಿ ಬಾಗಿಲ ಬೆಳಕಿಗೆ ಬಂದು ಲೂಪ್‌ನಲ್ಲಿ ಅವನ್ನು ಓದಿ. ನಡುವೆ ಇರುವ ಅಕ್ಷರವೂ ಅಂಚಿನ ಅಕ್ಷರವೂ ಒಂದೇ ಥರ ಸ್ಪಷ್ಟವಾಗಿ, ಬಣ್ಣದ ಗೆರೆ ಇಲ್ಲದೆ ಕಂಡರೆ ದುಡ್ಡು ಕೊಡಿ. ಅಂಚು ಮಸುಕಾದರೆ ಇನ್ನೊಂದು ತೋರಿಸಿ ಅನ್ನಿ. ನಾನು ಹೋದ ಅಂಗಡಿಯವರು ಬೇಸರ ಮಾಡಿಕೊಳ್ಳದೆ ಒಂದಾದ ಮೇಲೆ ಒಂದು ತೆಗೆದುಕೊಟ್ಟರು, ಇದೊಂದೇ ಅಂಚಿನವರೆಗೂ ಸರಿಯಾಗಿ ಓದಿಸಿತು.